ಕಣ್ಣಿನಕ್ಕ ಓದಲು ಹೋದದ್ದು

ಬಾಡಿಗೆಗೆ ರೂಮು ನೋಡಲು ಬರುವವರು ನೀರು ಸರಿಯಾಗಿ ಬರುತ್ತದೆಯೇ, ಅಕ್ಕಪಕ್ಕದವರು ಹೇಗೆ ಎಂದು ಕೇಳುತ್ತಾರೆ. ಕಣ್ಣಿನಕ್ಕ ಮಾತ್ರ ಕಿಟಕಿ ಯಾವ ಕಡೆಗಿದೆ ಎಂದು ಕೇಳಿಕೊಂಡು ಬಂದವಳು.

ಅವಳು ಬರುವ ಮೊದಲೇ ಅವಳ ಸುದ್ದಿ ಬಂದಿತ್ತು. ಮನೆಯಾಕೆ ಗಂಡನನ್ನು ಕಳೆದುಕೊಂಡ ವರ್ಷ ಅದು. ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಾಗ ಪಕ್ಕದ ಮನೆಯ ಹೊಲಿಗೆಯವಳು ಗೋಡೆಯಾಚೆಯಿಂದ ಕತ್ತು ಉದ್ದ ಮಾಡಿದಳು. ಮೇಲಿನ ರೂಮು ಸುಮ್ಮನೆ ಧೂಳು ತಿನ್ನುತ್ತಿದೆಯಲ್ಲ, ಒಬ್ಬಳಿದ್ದಾಳೆ, ಒಂಟಿ ಹೆಂಗಸು, ಆಸ್ಪತ್ರೆಯಲ್ಲಿ ಕೆಲಸ, ಕಣ್ಣು ಮಾಡುತ್ತಾಳೆ ಎಂದಳು.

"ಕಣ್ಣು ಪರೀಕ್ಷೆ ಮಾಡ್ತಾಳಾ?"

"ಅಲ್ಲಕ್ಕ, ಕಣ್ಣೇ ಮಾಡ್ತಾಳೆ. ನಾನು ಗುಂಡಿ ಇಟ್ಟು ಹೊಲಿಯಲ್ವಾ, ಹಾಗೆ."

ಮನೆಯಾಕೆಗೆ ಅದರ ತಲೆಬುಡ ತಿಳಿಯಲಿಲ್ಲ. ಮರುದಿನ ಬಂದವಳು ಕಡ್ಡಿಯಂಥ ಹೆಂಗಸು, ಮೂವತ್ತರ ಆಸುಪಾಸು, ಕೈಯಲ್ಲೊಂದು ಮರದ ಪೆಟ್ಟಿಗೆ. ಅಡುಗೆಮನೆಯನ್ನು ಕಣ್ಣೆತ್ತಿಯೂ ನೋಡದೆ ನೇರ ಮೇಲಕ್ಕೆ ಹತ್ತಿ ಕಿಟಕಿ ತೆಗೆದಳು. ಬೆಳಕಿಗೆ ಅಂಗೈ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಇಲ್ಲಿ ನೇರ ಬಿಸಿಲು ಬೀಳುವುದಿಲ್ಲ ಅಲ್ಲವೇ ಎಂದು ಕೇಳಿದಳು. ಬೀಳುವುದಿಲ್ಲ, ಅದಕ್ಕೇ ಈ ರೂಮು ಯಾರಿಗೂ ಬೇಡ ಎಂದು ಮನೆಯಾಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಂಗೆ ಇದೇ ಬೇಕು" ಎಂದು ಅವಳು ಪೆಟ್ಟಿಗೆಯನ್ನು ಅಲ್ಲೇ ಕೆಳಗಿಟ್ಟಳು. ಆ ಪೆಟ್ಟಿಗೆ ಮತ್ತೆ ಕೆಳಗಿಳಿಯಲಿಲ್ಲ.

ಪೆಟ್ಟಿಗೆಯೊಳಗೆ ಹತ್ತಿಯ ಮೇಲೆ ಸಾಲಾಗಿ ಕಣ್ಣುಗಳು. ಮೊದಲ ಸಲ ಮುಚ್ಚಳ ತೆಗೆದಾಗ ಮನೆಯಾಕೆ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಆಮೇಲೆ ಆಮೇಲೆ ಅಭ್ಯಾಸವಾಯಿತು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಣ್ಣಿಲ್ಲದ ಗುಳಿಯ ಅಚ್ಚನ್ನು ಮೇಣದಲ್ಲಿ ತೆಗೆದು ಬಿಳಿ ಚಿಪ್ಪು ಮಾಡಿಕೊಳ್ಳುತ್ತಿದ್ದಳು. ಅಲ್ಲಿ ಟ್ಯೂಬ್‌ಲೈಟ್ ಬೆಳಕು. ಆ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಎಂದು ಬಣ್ಣ ಹಾಕಲು ಮಾತ್ರ ಮನೆಗೆ ತರುತ್ತಿದ್ದಳು. ಕಣ್ಣು ಕಳೆದುಕೊಂಡವರನ್ನು ಕಿಟಕಿಯ ಬಳಿ ಕುಳ್ಳಿರಿಸಿ, ಅವರ ಇರುವ ಕಣ್ಣನ್ನು ನೋಡುತ್ತ ಇಲ್ಲದ ಕಣ್ಣನ್ನು ಬರೆಯುವಳು. ಬಿಳಿಯ ಮೇಲೆ ನರ ಕಾಣಬೇಕಲ್ಲ, ಅದಕ್ಕೆ ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸಬೇಕು. ಆ ಎಳೆ ಬಿಡಿಸುವ ಕೆಲಸ ಮನೆಯಾಕೆಯ ಪಾಲಿಗೆ ಬಂತು. ಕಣ್ಣಿನಕ್ಕ ಬಾಯಿಬಿಟ್ಟು ಕೇಳಿದ್ದಲ್ಲ. ಸಂಜೆ ಸುಮ್ಮನೆ ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ವಾಸಿ ಎಂದು ಮನೆಯಾಕೆಯೇ ಮೇಲೆ ಹೋಗಿ ಕೂತಳು. ಉಸಿರು ಬಿಟ್ಟರೆ ಹಾರಿಹೋಗುವ ಎಳೆ. ಗಂಡ ಹೋದ ಮೇಲೆ ಮೊದಲ ಬಾರಿಗೆ ಮನಸ್ಸು ಒಂದು ಕಡೆ ನಿಂತದ್ದು ಆ ಕಿಟಕಿಯ ಬಳಿ.

ಬಂದವರೆಲ್ಲ ಕೇಳುವ ಮಾತು ಒಂದೇ. ನೋಡಿದವರಿಗೆ ಗೊತ್ತಾಗುವುದಿಲ್ಲ ತಾನೇ? ಅವಳ ಉತ್ತರವೂ ಒಂದೇ. "ಹಾಕಿ ನೋಡದೆ ನಾನು ಏನೂ ಹೇಳಲ್ಲ." ಕೆಲಸ ಕಲಿಸಿದ ಮುದುಕ ಅವಳಿಗೆ ಬಣ್ಣಕ್ಕಿಂತ ಮೊದಲು ಕಲಿಸಿದ್ದು ಇದನ್ನಂತೆ. ಒಮ್ಮೆ ಕಳೆದುಕೊಂಡವರಿಗೆ ಆಸೆ ತೋರಿಸಿ ಇನ್ನೊಮ್ಮೆ ಕಳೆಯುವಂತೆ ಮಾಡಬಾರದು. ಅತ್ತರೂ ಸರಿ, ಗೋಗರೆದರೂ ಸರಿ, 'ಖಂಡಿತ' ಎಂಬ ಮಾತು ಅವಳ ಬಾಯಿಂದ ಉದುರುತ್ತಿರಲಿಲ್ಲ. ನಾಳೆ ಸೂರ್ಯ ಹುಟ್ಟುತ್ತಾನಾ ಎಂದು ಕೇಳಿದರೂ ಇವಳು ನೋಡಿ ಹೇಳ್ತೀನಿ ಅಂತಾಳೆ ಎಂದು ಹೊಲಿಗೆಯವಳು ನಗುತ್ತಿದ್ದಳು. ಬೀದಿಯವರು ಅವಳಿಗೆ ಕಣ್ಣಿನಕ್ಕ ಎಂದು ಹೆಸರಿಟ್ಟರು. ಅವಳಿಗಿಂತ ಹಿರಿಯರೂ ಹಾಗೇ ಕರೆದರು. ವರ್ಷಗಳು ಹಾಗೇ ಉರುಳಿದವು.

ಅವಳನ್ನು ಸುಸ್ತು ಮಾಡುತ್ತಿದ್ದದ್ದು ಮಕ್ಕಳ ಕೆಲಸ. ಮಕ್ಕಳ ಮುಖ ಬೆಳೆಯುತ್ತದೆ, ಮಾಡಿದ ಕಣ್ಣು ಬೆಳೆಯುವುದಿಲ್ಲ. ವರ್ಷಕ್ಕೊಮ್ಮೆ ಬದಲಾಯಿಸದಿದ್ದರೆ ಮುಖದ ಆ ಪಕ್ಕ ಕುಗ್ಗಿಹೋಗುತ್ತದೆ. ಮೋಟುಜಡೆಯ ಒಂದು ಹುಡುಗಿ ಕೈಗೂಸಾಗಿದ್ದಾಗಿನಿಂದ ಅವಳ ಬಳಿಯೇ ಬರುತ್ತಿತ್ತು. ಕಿಟಕಿಯ ಬಳಿ ಕುಳಿತರೆ ಅರಳು ಹುರಿದಂತೆ ಮಾತು. ಆಸ್ಪತ್ರೆಯಲ್ಲಿ ಮೇಣದ ಅಚ್ಚು ತೆಗೆಯುವಾಗ ಮಾತ್ರ ಕೂಗಿ ಕೂಗಿ ಸುಸ್ತಾಗುತ್ತಿತ್ತು. ಅಂಥ ದಿನ ಕಣ್ಣಿನಕ್ಕ ಊಟ ಮುಟ್ಟುತ್ತಿರಲಿಲ್ಲ. ಹೊರದೇಶದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ನೋವಾಗದ ಹಾಗೆ ಅಳತೆ ತೆಗೆಯುವುದನ್ನು ಕಲಿಸುತ್ತಾರೆ, ಒಂದು ವರ್ಷದ ಓದು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಅರ್ಜಿ ಹಾಕಿದಳು, ಸೀಟು ಬಂತು. ನಲವತ್ತು ದಾಟಿದ ಮೇಲೆ ಬ್ಯಾಗು ನೇತುಹಾಕಿಕೊಂಡು ಹೊರಡುತ್ತಾಳಂತೆ ಎಂದು ಬೀದಿ ಮೂಗಿನ ಮೇಲೆ ಬೆರಳಿಟ್ಟಿತು.

ಸೀಟೇನೋ ಬಂತು, ವೀಸಾ ಬರಬೇಕಲ್ಲ. ಅದಕ್ಕೆ ಒಬ್ಬ ಏಜೆಂಟ್ ಸಿಕ್ಕಿದ. ಸದಾ ಕಂಕುಳಲ್ಲಿ ಫೈಲು ಇರುತ್ತಿದ್ದುದರಿಂದ ಮನೆಯಾಕೆ ಅವನಿಗೆ ಫೈಲಪ್ಪ ಎಂದು ನಾಮಕರಣ ಮಾಡಿದಳು. ಅವನು ಕುರ್ಚಿಯ ತುದಿಯಲ್ಲಿ ಕೂತು, ಗಂಡ ಇಲ್ಲ, ಮಕ್ಕಳಿಲ್ಲ, ಅಂಗೈಯಗಲ ಜಾಗ ಇಲ್ಲ, ಹೋದವರು ವಾಪಸ್ ಬರ್ತೀರಿ ಅಂತ ಯಾವ ನಂಬಿಕೆ, ನಿಮ್ಮನ್ನ ಇಲ್ಲಿಗೆ ಕಟ್ಟಿಹಾಕೋದು ಏನು ಅಂತಲೇ ವೀಸಾ ಆಫೀಸಿನವರು ಕೇಳೋದು ಎಂದು ವಿವರಿಸಿದ.

"ಅವಳೇನು ಹಸುವಾ, ಕಟ್ಟಿಹಾಕೋಕೆ?" ಎಂದಳು ಮನೆಯಾಕೆ.

"ನಂಗೆ ಬೈದು ಏನು ಬಂತು ಅಮ್ಮ, ಗಾಜಿನ ಹಿಂದೆ ಕೂತಿರೋರಿಗೆ ಹೇಳಿ" ಎಂದು ಅವನು ಹಲ್ಲುಕಿರಿದ.

ಗಾಜಿನ ಹಿಂದೆ ಕೂತಿದ್ದವರು ಆ ಪ್ರಶ್ನೆಯನ್ನೇ ಕೇಳಿದರು. ಓದು ಮುಗಿದ ಮೇಲೆ ವಾಪಸ್ ಬರುತ್ತೀರಾ? ಬೇರೆ ಯಾರಾದರೂ ಆಗಿದ್ದರೆ ಹೂಂ ಎಂದು ಎದ್ದು ಬರುತ್ತಿದ್ದರು. ಕಣ್ಣಿನಕ್ಕನ ಬಾಯಲ್ಲಿ ಇಷ್ಟು ವರ್ಷ ಪಳಗಿದ ಮಾತೇ ಬಂತು. "ಹೋಗಿ ನೋಡದೆ ಹೇಗೆ ಹೇಳಲಿ?" ಎಂದುಬಿಟ್ಟಳು. ಪಾಸ್‌ಪೋರ್ಟ್ ಗಾಜಿನ ಕೆಳಗಿನಿಂದ ಜಾರಿ ವಾಪಸ್ ಬಂತು.

ಫೈಲಪ್ಪ ಹಣೆ ಚಚ್ಚಿಕೊಂಡ. ಇನ್ನೊಮ್ಮೆ ಅರ್ಜಿ ಹಾಕಬಹುದು, ಕಾಲೇಜು ಶುರುವಾಗುವುದರೊಳಗೆ ಅದೊಂದೇ ಅವಕಾಶ, ಅದೂ ತಪ್ಪಿದರೆ ಸೀಟಿನ ಆಸೆ ಬಿಡಬೇಕು ಎಂದ. ಆವತ್ತಿನಿಂದ ಮನೆಯಾಕೆಯ ಅಡುಗೆಮನೆ ವೀಸಾ ಆಫೀಸಾಯಿತು. ಸತ್ತ ಗಂಡನ ಕನ್ನಡಕ ಏರಿಸಿಕೊಂಡು, ಮುಂದೆ ತರಕಾರಿ ಹರವಿಕೊಂಡು, ಮನೆಯಾಕೆ ಗಂಟಲು ಗಡುಸು ಮಾಡಿ ಕೇಳುವಳು.

"ಓದು ಮುಗಿದ ಮೇಲೆ?"

"ಬರ್ತೀನಿ, ಅನ್ಸುತ್ತೆ."

"ಆ ಅನ್ಸುತ್ತೆನ ನುಂಗು. ಇನ್ನೊಂದ್ಸಲ ಹೇಳು."

"ಬರಬಹುದು."

ಒಲೆಯ ಮೇಲೆ ಬೇಯುತ್ತಿದ್ದುದು ತಳ ಹಿಡಿದರೂ ಉತ್ತರ ಮಾತ್ರ ಹದಕ್ಕೆ ಬರಲಿಲ್ಲ. ಒಂದು ದಿನ ಮನೆಯಾಕೆಗೆ ರೇಗಿಹೋಯಿತು. ಬರ್ತೀನಿ ಅಂದರೆ ನಾಲಿಗೆ ಸವೆಯುತ್ತದಾ ಎಂದು ಗದರಿದಳು. ಕಣ್ಣಿನಕ್ಕ ಬೆರಳಿಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಮೆಲ್ಲಗೆ ಹೇಳಿದಳು.

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗಕ್ಕ ಹೇಳ್ಲಿ? ಅಲ್ಲೇ ನಂಗೆ ಇಷ್ಟ ಆಗಿಬಿಟ್ರೆ?"

ಮನೆಯಾಕೆ ಕನ್ನಡಕ ತೆಗೆದಿಟ್ಟಳು. ಇವಳು ಹೋಗಬೇಕು ಎಂದು ಇಷ್ಟು ದಿನ ಹಟ ಹಿಡಿದಿದ್ದಳಲ್ಲ, ಹೋದವಳು ಬಾರದೆಯೂ ಇರಬಹುದು ಎಂಬುದು ಆವರೆಗೆ ಅವಳ ತಲೆಗೇ ಹೊಳೆದಿರಲಿಲ್ಲ. ಮತ್ತೆ ಅದನ್ನು ಏರಿಸಲಿಲ್ಲ. ಆಫೀಸು ತಾನಾಗಿಯೇ ಮುಚ್ಚಿಹೋಯಿತು.

ಎರಡನೇ ಸಂದರ್ಶನಕ್ಕೆ ಮೊದಲ ವಾರ ಮೋಟುಜಡೆ ಹೊಸ ಕಣ್ಣಿಗೆ ಬಂದಳು. ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಮನೆಯಾಕೆ ನೀರಿನ ಲೋಟ ಹಿಡಿದು ಮೇಲೆ ಹೋದಾಗ ಹುಡುಗಿ ಗಲ್ಲ ಎತ್ತಿ ಬೆಳಕಿಗೆ ಮುಖ ಕೊಟ್ಟು ಕೂತಿತ್ತು. ಕಣ್ಣಿನಕ್ಕ ಕುಂಚದ ತುದಿಯಲ್ಲಿ ಕಂದು ಬಣ್ಣ ತೆಗೆದುಕೊಂಡಿದ್ದಳು.

"ನೀವು ಓದೋಕೆ ಹೋಗ್ತೀರಂತೆ. ಮುಂದಿನ ವರ್ಷ ನಂಗೆ ಕಣ್ಣು ಯಾರು ಮಾಡ್ತಾರೆ?"

ಕುಂಚ ಅಲ್ಲೇ ನಿಂತಿತು. ಹಾಕಿ ನೋಡಿ, ಹೋಗಿ ನೋಡಿ ಎಂಬ ಮಾತು ಇನ್ನೇನು ಬಂತು ಎಂದು ಮನೆಯಾಕೆ ಕಾದಳು. ಬರಲಿಲ್ಲ.

"ನಾನೇ ಮಾಡ್ತೀನಿ."

"ಖಂಡಿತಾನಾ?"

"ಖಂಡಿತ. ಅಲ್ಲಾಡಬೇಡ, ಬಣ್ಣ ಕೆಡುತ್ತೆ."

ಮನೆಯಾಕೆ ಲೋಟವನ್ನು ಬಾಗಿಲ ಬಳಿಯೇ ಇಟ್ಟು ಸದ್ದಿಲ್ಲದೆ ಕೆಳಗಿಳಿದಳು. ಅಡುಗೆಮನೆಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಈ ಸಲ ಗಾಜಿನ ಹಿಂದೆ ಬೇರೊಬ್ಬರು ಕೂತಿದ್ದರಂತೆ. ಅದೇ ಪ್ರಶ್ನೆ. "ಬರ್ತೀನಿ. ಇಲ್ಲಿ ಒಂದು ಮಗುವಿನ ಮುಖ ಬೆಳೀತಾ ಇದೆ" ಎಂದಳಂತೆ ಇವಳು. ಹಾಗಂದರೇನು ಎಂದು ಅವರು ಕೇಳಿದರು, ಇವಳು ಬಿಡಿಸಿ ಹೇಳಿದಳು. ಮನೆಗೆ ಬಂದು ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡರು ಎಂದಾಗ ಮನೆಯಾಕೆ ಕೂತಲ್ಲಿಂದ ಎದ್ದು ನಿಂತಳು. "ಅದನ್ನೂ ಕಿತ್ಕೊಂಡ್ರಾ?" ಎಂದಳು. ಇಟ್ಟುಕೊಂಡರೆ ವೀಸಾ ಆಯಿತು ಎಂದೇ ಅರ್ಥ ಎಂದು ಫೈಲಪ್ಪ ಬಂದು ತಿಳಿಸಿ ಹೇಳುವವರೆಗೂ ಮನೆಯಾಕೆ ಆ ಆಫೀಸಿನವರ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಅವಳು ಹೋದಳು, ಒಂದು ವರ್ಷ ಓದಿದಳು, ಬಂದಳು. ಅಲ್ಲಿಯವರು ಇಲ್ಲೇ ಕೆಲಸ ಮಾಡು ಎಂದು ಹಿಡಿದುಕೊಂಡಿದ್ದರಂತೆ; ಕೊಡುತ್ತೇವೆಂದ ರೂಮಿಗೆ ಗೋಡೆಯಗಲದ ಕಿಟಕಿ ಇತ್ತಂತೆ. ಬಂದ ಮೇಲೆ ಅಳತೆ ತೆಗೆಯುವಾಗ ಮೋಟುಜಡೆ ಮತ್ತೆ ಕೂಗಲಿಲ್ಲ. ಕಣ್ಣಿನಕ್ಕ ಕೊನೆಯವರೆಗೂ ಮೇಲಿನ ರೂಮಿನಲ್ಲೇ ಇದ್ದಳು. ಹೋದ ವರ್ಷ ನಾಲ್ಕು ದಿನ ಜ್ವರ ಬಂದು ತೀರಿಕೊಂಡಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಉಪ್ಪು ಮುಗಿದರೆ ಮಳೆಯಲ್ಲೇ ಅಂಗಡಿಗೆ ಹೋಗುವಳು. ಆ ಜ್ವರದಲ್ಲೂ ನೀರು ಕೊಡಿ ಎನ್ನಲಿಲ್ಲ, ಕೊಟ್ಟರೆ ಕುಡಿದಳು. ಈಗ ಮನೆಯಾಕೆ ಕಿಟಕಿಯ ಬಳಿ ಕೂತು, ಅವಳು ತನ್ನನ್ನು ಕಡೆಯದಾಗಿ ಕೇಳಿದ್ದೇನು ಎಂದು ನೆನೆದರೆ, ಪರದೇಶಕ್ಕೆ ಹೊರಟ ಆ ಬೆಳಿಗ್ಗೆಗೇ ಹೋಗಬೇಕು.

ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಫೈಲಪ್ಪ ಸೂಟ್‌ಕೇಸನ್ನು ಡಿಕ್ಕಿಗೆ ತುರುಕಲು ಹೆಣಗುತ್ತಿದ್ದ. ಗೇಟಿನವರೆಗೆ ಹೋಗಿದ್ದವಳು ತಿರುಗಿ ಬಂದು ಮನೆಯಾಕೆಯ ಮುಂಗೈ ಹಿಡಿದುಕೊಂಡಳು. ಮೋಟುಜಡೆ ಆಗಾಗ ಬರುತ್ತಾಳೆ, ಕಿಟಕಿಯ ಬಳಿ ನಿಲ್ಲಿಸಿ ಮುಖ ನೋಡಿ, ನೋಡಿ ನನಗೊಂದು ಕಾಗದ ಹಾಕಿ ಎಂದಳು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ನಾನೇನು ಬರೆಯಲಿ ಎಂದಳು ಮನೆಯಾಕೆ.

"ಮಗು ಬೆಳೆದಿದೆ, ಕಣ್ಣು ಚಿಕ್ಕದಾಗಿದೆ ಅಂತ ಬರೀರಿ, ಸಾಕು."

"ಬೆಳೀದೇ ಇದ್ರೆ?"

ಟ್ಯಾಕ್ಸಿಯವನು ಹಾರ್ನ್ ಹಾಕಿದ. ಅವಳು ಕೈ ಬಿಡಲಿಲ್ಲ.

"ಬೆಳೀದೇ ಇದ್ರೂ ಹಾಗೇ ಬರೀರಿ ಅಕ್ಕ."