ಹಿನ್ನೀರಿನ ಅಂಗಳದಲ್ಲಿ ಒಂದು ಫೈನಲ್

ಮೊನ್ನೆ ನಮ್ಮ ಮನೆಯ ನೀರಿನ ತೊಟ್ಟಿ ತೊಳೆಯುವವರು ಬಂದಿದ್ದರು. ತಳದ ರಾಡಿಯನ್ನು ಬಕೀಟಿನಲ್ಲಿ ಎತ್ತಿ ಹಿತ್ತಲ ಮೂಲೆಗೆ ಸುರುವಿದರು. ಬಿಸಿಲಿಗೆ ಅದು ಒಣಗಿ ಬಿರುಕು ಬಿಡುತ್ತ ಬಂದಂತೆ ಒಂದು ವಾಸನೆ ಎದ್ದಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಕುರ್ಚಿ ತಂದು ಅಲ್ಲೇ ಹಾಕಿಕೊಂಡು ಕೂತೆ. ನಿಮಗೆ ವಿಚಿತ್ರ ಅನ್ನಿಸಬಹುದು, ಆ ವಾಸನೆ ಬಂದರೆ ನನಗೆ ಕ್ರಿಕೆಟ್ ನೆನಪಾಗುತ್ತದೆ.

ನಾನು ಒಂದು ಕಾಲಕ್ಕೆ ಕ್ರಿಕೆಟ್ ಆಡುತ್ತಿದ್ದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಬೈಲಹೊಂಗಲದಲ್ಲಿ ಬಿ.ಎ. ಓದುವಾಗ ಕಾಲೇಜು ತಂಡದ ವಿಕೆಟ್ ಕೀಪರ್ ಆಗಿದ್ದೆ. ಓಡುವ ಕೆಲಸ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಪ್ಪಿಕೊಂಡಿದ್ದೆ. ಕೂತು ಏಳುವುದು ಎಷ್ಟೆಂದು ಅವರು ಹೇಳಿರಲಿಲ್ಲ. ಕೈಗವಸಿನ ಹೆಬ್ಬೆರಳು ಹರಿದಿತ್ತು. ಅದರೊಳಗೆ ಅರಳೆ ತುರುಕಿಕೊಂಡು ನಿಲ್ಲುತ್ತಿದ್ದೆ. ಹತ್ತಿ ಪೇಟೆಯಾದ ಹೊಂಗಲದಲ್ಲಿ ಅರಳೆಗೇನು ಕೊರತೆ.

ತಂಡದಲ್ಲಿ ನಿಜವಾದ ಆಟಗಾರ ಅಂದರೆ ಈರಣ್ಣ ಒಬ್ಬನೇ. ಎತ್ತರದ, ಬಡಕಲು ಆಳು. ಎಷ್ಟು ದೂರ ನಿಂತರೂ ಅವನ ಕೈಯಿಂದ ಬಂದ ಚೆಂಡು ನನ್ನ ಎದೆಗೆ ಸರಿಯಾಗಿ ಬರುತ್ತಿತ್ತು. ಮಾತು ಕಡಿಮೆ. ಹಾಸ್ಟೆಲಿನಲ್ಲಿ ಮೊದಲ ದಿನ ನಿಮ್ಮೂರು ಯಾವುದೆಂದು ಕೇಳಿದರೆ, "ನೀರಾಗ ಐತಿ" ಅಂದು ರೊಟ್ಟಿ ಮುರಿದಿದ್ದ. ನಾವು ನಕ್ಕಿದ್ದೆವು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅವನದೂ ಒಂದು ಎಂದು ಆಮೇಲೆ ತಿಳಿಯಿತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಮಳೆ ಕೈಕೊಟ್ಟಿತ್ತು. ಆ ಸಲದ ಅಂತರಕಾಲೇಜು ಪಂದ್ಯಾವಳಿ ಸವದತ್ತಿಯಲ್ಲಿ. ಫೈನಲ್ಲಿಗೆ ಬಂದವರು ನಾವು ಮತ್ತು ರಾಮದುರ್ಗದವರು. ಊರ ಮೈದಾನ ಬರೀ ಕಲ್ಲು. ಹಿನ್ನೀರು ಮಾತ್ರ ಬಹಳ ಹಿಂದಕ್ಕೆ ಸರಿದು, ಕೆರೆಯಂಗಳದ ಮಣ್ಣು ಒಣಗಿ ಕಣದ ಹಾಗೆ ಸಪಾಟಾಗಿತ್ತು. ಅಲ್ಲೇ ಕಾತಿಯ, ಅಂದರೆ ತೆಂಗಿನ ನಾರಿನ, ಮ್ಯಾಟು ಹಾಸಿ, ಸುಣ್ಣದ ಗೆರೆ ಎಳೆದು ಆಡೋಣ ಎಂದು ತೀರ್ಮಾನವಾಯಿತು. ಒಂದು ಕಡೆ ದೂರದಲ್ಲಿ ನೀರು ಹೊಳೆಯುತ್ತಿತ್ತು. ಇನ್ನೊಂದು ಕಡೆ, ಗೆರೆಯ ಆಚೆಗೆ, ಮೊಣಕಾಲೆತ್ತರದ ಗೋಡೆಗಳು ಕೆಸರು ಮೆತ್ತಿಕೊಂಡು ಸಾಲಾಗಿ ನಿಂತಿದ್ದವು. ಟೊಂಗೆಯಿಲ್ಲದ ಒಂದು ಬೇವಿನ ಬೊಡ್ಡೆಯೂ ಇತ್ತು. ಅದರ ಮೇಲೆ ಹಕ್ಕಿ ಕೂರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನಾನು ಗಮನಿಸಿದ್ದೆನೋ, ಈಚೆಗೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಈರಣ್ಣ ದಂಡೆ ಇಳಿಯಲು ತಡ ಮಾಡಿದ. ಕ್ಯಾಪ್ಟನ್ ಗುರುಸಿದ್ಧ ಎರಡು ಸಲ ಕೂಗಿದ ಮೇಲೆ ಬಂದ. ನಾವು ಮೊದಲು ಆಡಿ, ಹೇಳಿಕೊಳ್ಳುವಂಥದ್ದಲ್ಲದ ರನ್ನು ಮಾಡಿದೆವು. ಊಟದ ಹೊತ್ತಿಗೆ ಅವನು ನನ್ನ ಪಕ್ಕ ಕೂತು, ಬುತ್ತಿ ಬಿಚ್ಚದೆ, ಗೆರೆಯ ಹತ್ತಿರ ಅಡ್ಡ ಬಿದ್ದಿದ್ದ ಒಂದು ಉದ್ದನೆಯ ಕಲ್ಲನ್ನೇ ನೋಡುತ್ತಿದ್ದ.

"ಅದು ನಮ್ಮ ಮನಿ ಹೊಸ್ತಿಲ," ಅಂದ.

ಆಮೇಲೆ ತಾನಾಗಿಯೇ ಹೇಳಿದ. ಅವನು ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಾಕಿದವಳು ಅಜ್ಜಿ, ಅವನು ಆಯಿ ಅನ್ನುತ್ತಿದ್ದ. ಊರು ಬಿಡುವ ದಿನ ಎಲ್ಲರೂ ಚಕ್ಕಡಿ ಹೂಡಿದರೆ ಆಕೆ ಆ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಕಾಕಂದಿರು ಎತ್ತಿ ಚಕ್ಕಡಿಯೊಳಗೆ ಕೂಡಿಸಬೇಕಾಯಿತು. ಹೊಸ ಊರಿನಲ್ಲಿ ದಿನಾ ಮಧ್ಯಾಹ್ನ ಇವನನ್ನು ಕರೆದು, ನೀರು ಇಳಿಯಿತೇನು ಎಂದು ಕೇಳುತ್ತಿದ್ದಳು. ಇಳಿಯುತ್ತದೆ, ತಡಿ ಎಂದು ಇವನು ಹೇಳುತ್ತಿದ್ದ. ಬೇಸಿಗೆ ಬರುವ ಮೊದಲೇ ಆಕೆ ಹೋದಳು. ನಾನು ಉಳ್ಳಾಗಡ್ಡಿ ಬೇಕೇನು ಎಂದು ಕೇಳಿದೆ. ದುಃಖದಲ್ಲಿದ್ದವರಿಗೆ ನಾನು ಇವತ್ತಿಗೂ ಇಂಥದೇ ಏನಾದರೂ ಕೇಳುತ್ತೇನೆ.

ಮಧ್ಯಾಹ್ನದ ಮೇಲೆ ಗಾಳಿ ನಿಂತುಹೋಯಿತು. ಆಟ ಎಳೆದು ಎಳೆದು ಕೊನೆಗೆ ಬಂತು. ರಾಮದುರ್ಗದವರಿಗೆ ಇನ್ನು ನಾಲ್ಕು ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಬ್ಯಾಟ್ ಹಿಡಿದಿದ್ದವನು ವಸಂತ ಎಂಬ ದಪ್ಪ ಕನ್ನಡಕದ ಹುಡುಗ. ಈರಣ್ಣ ನನ್ನ ನೇರಕ್ಕೆ, ಆ ಕಲ್ಲಿನ ಮುಂದೆಯೇ ನಿಂತಿದ್ದ.

ವಸಂತ ಜೋರಾಗಿ ಬೀಸಿದ. ಚೆಂಡು ಮುಗಿಲಿಗೆ ಹೋಯಿತು. ಈರಣ್ಣ ಒಂದು ಹೆಜ್ಜೆಯೂ ಸರಿಯಬೇಕಾಗಿರಲಿಲ್ಲ. ಬೊಗಸೆ ಹಿಡಿದು ತಲೆ ಎತ್ತಿದ. ಕ್ಯಾಚು ಖಾತ್ರಿ ಎಂದು ವಸಂತ ಓಡಲೂ ಇಲ್ಲ. ನಾನು ಕೈಗವಸು ಬಿಚ್ಚತೊಡಗಿದೆ.

ಆಗ ಈರಣ್ಣ ಕೈ ಇಳಿಸಿದ. ಯಾರೋ ಹಿಂದಿನಿಂದ ಕರೆದರೆ ತಿರುಗುತ್ತೇವಲ್ಲ, ಹಾಗೆ ತಿರುಗಿದ. ಅವಸರದಿಂದ ಹೋಗಿ, ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಒಳಗೆ ನಿಂತ.

ಚೆಂಡು ಅವನು ಬಿಟ್ಟ ಜಾಗಕ್ಕೆ ಬಿತ್ತು. ಬಿದ್ದ ಸದ್ದು ಕೇಳಲಿಲ್ಲ. ಮಲಗಿದವರು ಮಗ್ಗಲು ಬದಲಿಸಿ ಉಸಿರು ಬಿಟ್ಟ ಹಾಗೆ ಒಂದು ಶಬ್ದವಾಗಿ ನೆಲ ಒಳಗೆ ಹೋಯಿತು.

ಓಡಿದೆವು. ಹೊಸ್ತಿಲ ಮುಂದಿನ ಅಂಗಳದ ನಡುವೆ ಕರಿಯ ಬಾಯಿ ತೆರೆದಿತ್ತು. ಹಗೇವು. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ಆಳವಾಗಿ ತೋಡುತ್ತಿದ್ದ ಗುಳಿ. ಅದರ ಬಾಯಿಗೆ ಹೂಳಿನ ಹೊಪ್ಪಳಿಕೆ ಕಟ್ಟಿತ್ತು. ಗುರುಸಿದ್ಧ ಚೆಂಡಿಗಾಗಿ ಬಗ್ಗಿದ. ಈರಣ್ಣ ಹೊಸ್ತಿಲಾಚೆಯಿಂದಲೇ, "ಇಳೀಬ್ಯಾಡ್ರಿ, ಒಳಗ ಕೆಟ್ಟ ಗಾಳಿ ಇರತೈತಿ," ಅಂದ. ಒಬ್ಬ ಕಾಗದ ಹೊತ್ತಿಸಿ ಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲೇ ಅದು ಆರಿಹೋಯಿತು.

ಚೆಂಡು ಕಳೆದರೆ ಆರು ರನ್ ಎಂದು ಆಗ ನಿಯಮ. ಅಂಪೈರು ಕೈ ಎತ್ತಿದರು. ರಾಮದುರ್ಗದವರು ಗೆದ್ದರು, ಯಾರೂ ಕುಣಿಯಲಿಲ್ಲ. ಗುರುಸಿದ್ಧ ಮಾತ್ರ ಸಿಟ್ಟು ತಡೆಯದೆ, ಕೈಯೊಳಗಿನ ಕ್ಯಾಚು ಯಾಕೆ ಬಿಟ್ಟೆ ಎಂದು ಕೇಳಿದ. ಹಗೇವು ಅಲ್ಲಿತ್ತೆಂಬುದು ತನಗೆ ಮರೆತೇ ಹೋಗಿತ್ತು ಎಂದಷ್ಟೇ ಈರಣ್ಣ ಹೇಳಿದ. ನಮ್ಮ ಹುಡುಗರು ಅದನ್ನು ನಂಬಲಿಲ್ಲ. ಗೊತ್ತಿದ್ದೇ ಸರಿದಿರಬೇಕು ಎಂದು ತಮ್ಮ ತಮ್ಮಲ್ಲೇ ಸಮಾಧಾನ ಮಾಡಿಕೊಂಡರು.

ಮ್ಯಾಟು ಸುತ್ತುವಾಗ ವಸಂತ ನನ್ನ ಹತ್ತಿರ ಬಂದ. ಕನ್ನಡಕ ಒರೆಸುತ್ತಿದ್ದ.

"ನಿಮ್ಮ ಪೈಕಿ ಸಣ್ಯಾ ಅಂದ್ರ ಯಾರ್ರಿ?"

ಯಾರೂ ಇಲ್ಲ ಎಂದೆ.

"ಹೆಣ್ಣಮಗಳು ಕರೆದ್ಲಲ್ರೀ. ಸಣ್ಯಾ, ಒಳಗ ಬಾ ಅಂತ. ಮುದುಕಿ ಧ್ವನಿ."

ಚೆಂಡು ಮೇಲಿದ್ದಾಗ ಅವನು ನನ್ನ ಮಗ್ಗುಲಲ್ಲೇ ನಿಂತಿದ್ದ. ನನಗೆ ಏನೂ ಕೇಳಿಸಿರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಒಬ್ಬ ಹೆಂಗಸೂ ಇರಲಿಲ್ಲ. ನಮ್ಮ ಹಿಂದೆ ಮ್ಯಾಟಿನ ತುದಿ ಹಿಡಿದಿದ್ದ ಈರಣ್ಣ ಅದನ್ನು ಕೈಬಿಟ್ಟು ಕೆಳಗೆ ಕೂತ. ಮನೆಯಲ್ಲಿ ಅವನಿಗೆ ಹಾಗೆ ಅನ್ನುತ್ತಿದ್ದವಳು ಆಯಿ ಒಬ್ಬಳೇ. ಬಸ್ಸಿನಲ್ಲಿ ಹೊಂಗಲ ಮುಟ್ಟುವವರೆಗೂ ಅವನು ಅತ್ತ, ಮುಖ ಮರೆಸಿಕೊಳ್ಳದೆ. ಗುರುಸಿದ್ಧ ಎದ್ದು ಬಂದು ಅವನ ಪಕ್ಕ ಕೂತ.

ಈರಣ್ಣ ಮುಂದೆ ಮಾಸ್ತರನಾದ. ಈಗ ಸವದತ್ತಿಯಲ್ಲೇ ಇದ್ದಾನೆ. ಮಾತಾಡಿ ಬಹಳ ವರ್ಷವಾಗಿತ್ತು. ಮೊನ್ನೆ ಆ ಕುರ್ಚಿಯಲ್ಲಿ ಕೂತೇ ಫೋನ್ ಹಚ್ಚಿದೆ. ಬೇಸಿಗೆಯಲ್ಲಿ ನೀರು ಇಳಿದಾಗಲೆಲ್ಲ ಅಲ್ಲಿಗೆ ಹೋಗುತ್ತೇನೆ, ಈಗಲೂ ಅಲ್ಲೇ ನಿಂತಿದ್ದೇನೆ ಅಂದ. ಇಷ್ಟು ವರ್ಷ ಬಾಯಿಗೆ ಬಾರದಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. ಆಮೇಲೆ ಯಾವಾಗಾದರೂ ಕರೆದಳೇನೋ?

"ಇಲ್ಲೋ. ಆಕಿ ಹೋದಾಗ ಇದ್ದ ವಯಸ್ಸಿಗಿಂತ ಈಗ ನಂದ ಹೆಚ್ಚಾಗೇತಿ. ಮುದುಕ ಆಗೇನಿ. ಆಕಿಗೆ ನನ್ನ ಗುರ್ತ ಹತ್ತವಲ್ದೇನೋ."

ಸಮಾಧಾನಕ್ಕೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಫೋನ್ ಇಡಬೇಡ ಎಂದೆ. ಅವನು ಇಡಲಿಲ್ಲ. ಆ ಕಡೆ ಅವನ ಉಸಿರು, ನೀರಿನ ಮೇಲಿಂದ ಬರುವ ಗಾಳಿ. ಕೇಳಲಿ ಎಂದೋ, ಕೇಳದಿರಲಿ ಎಂದೋ ನನಗೇ ಗೊತ್ತಾಗದೆ, ಕಿವಿಗೆ ಫೋನ್ ಒತ್ತಿ ಹಿಡಿದು ಬಹಳ ಹೊತ್ತು ಕೂತಿದ್ದೆ.