ಕಟ್ಟಿ ಮುಗಿದಿದ್ದ ಹೃದಯ

ಇದನ್ನು ಬರೆಯಲು ಕುಳಿತಾಗಲೆಲ್ಲ ಏನೋ ಕೆಲಸ ನೆನಪಾದವನಂತೆ ಎದ್ದುಬಿಡುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಯರಗಟ್ಟಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅವ್ವ, ನಾನು, ತಮ್ಮ, ತಮ್ಮನ ಹೆಂಡತಿ, ಇಷ್ಟೇ ಮಂದಿ ಮನೆಯಲ್ಲಿ. ನಾನು ಮದುವೆಯಾಗಲಿಲ್ಲ. ತಮ್ಮನ ಹೆಂಡತಿ ಐದು ತಿಂಗಳ ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂತು. ಗ್ರಹಣದ ಹೊತ್ತಿನಲ್ಲಿ ಬಸುರಿಯರು ಹೊರಗೆ ಕಾಲಿಡಬಾರದು, ಏನನ್ನೂ ಹೆಚ್ಚಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಅವ್ವನೂ ತಮ್ಮನೂ ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಅಂಗಳದಲ್ಲಿ ಎಮ್ಮೆ ಹಗ್ಗ ಹರಿದುಕೊಂಡು ಶೇಂಗಾ ರಾಶಿಗೆ ಬಾಯಿ ಹಾಕಿತು.

ನಾನು ಲಿಂಗಪೂಜೆಗೆ ಕುಳಿತಿದ್ದೆ. ಏಳಬಹುದಿತ್ತು. ಆ ಮಬ್ಬು ಬೆಳಕಿಗೆ ಹೋಗಲು ನನಗೇ ಅಂಜಿಕೆ.

"ಎಮ್ಮಿ ಕಟ್ಟಿ ಬಾರವಾ" ಎಂದೆ.

"ಗ್ರಹಣ ಇನ್ನೂ ಬಿಟ್ಟಿಲ್ಲಲ್ರಿ, ಬಾವಾರ."

"ಒಂದ್ ಗಳಿಗ್ಯಾಗ ಏನಾಕ್ಕೈತಿ? ಹೋಗು."

ತಲೆ ತುಂಬ ಸೆರಗು ಹೊದ್ದು ಹೋಗಿ ಕಟ್ಟಿ ಬಂದಳು.

ಬೇಸಿಗೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅತ್ತರೆ ತುಟಿ, ಉಗುರು ನೀಲಿಯಾಗುತ್ತಿದ್ದವು. ಹೃದಯದಿಂದ ರಕ್ತ ಹೊರಡುವ ಕಡೆ ಸರಿಯಾಗಿ ಬೆಳೆದಿಲ್ಲ, ಕೂಸು ತುಸು ದೊಡ್ಡದಾದ ಮೇಲೆ ಆಪರೇಷನ್ ಮಾಡಬೇಕು ಎಂದರು ಬೆಳಗಾವಿಯ ಡಾಕ್ಟರು. ಅಷ್ಟರಲ್ಲಿ ನೆರೆಮನೆಯಾಕೆ ಗೋಡೆಯಾಚೆಯಿಂದ ಕಂಡದ್ದನ್ನು ಅವ್ವನ ಕಿವಿಗೆ ಹಾಕಿದ್ದಳು.

"ಗ್ರಹಣದಾಗ ಅಂಗಳಕ್ಕ ಹೋಗಿದ್ದೆಂತಲ್ಲ? ಎಮ್ಮಿ ಓಡಿ ಬೆಳಗಾವಿಗೆ ಹೊಂಟಿತ್ತೇನ?" ಎಂದು ಅವ್ವ ಪಡಸಾಲೆಯಲ್ಲಿ ಎಲ್ಲರೆದುರು ಕೇಳಿದಳು.

ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಭಾವನೆದುರು ತಲೆ ಎತ್ತಿ ಮಾತಾಡುವ ರೂಢಿ ಅವಳಿಗಿರಲಿಲ್ಲ. ಕಳಿಸಿದವನು ನಾನೆಂದು ನಾನೇ ಹೇಳಲಿ ಎಂದು ಕಾದಳು. ನಾನು ಬಾಯಿ ಬಿಟ್ಟೆ. "ಹಿರ್‍ಯಾರ ಮಾತ ಕೇಳಬೇಕಾಗಿತ್ತವಾ" ಎಂದೆ.

ಕೂಸು ಆಪರೇಷನ್ನಿನವರೆಗೆ ಉಳಿಯಲಿಲ್ಲ. ತಮ್ಮನು ಹೆಂಡತಿಯನ್ನು ಕರೆದುಕೊಂಡು ಅವಳ ತವರೂರು ರಾಮದುರ್ಗಕ್ಕೆ ಹೋಗಿ ಪಾತ್ರೆ ಅಂಗಡಿ ಇಟ್ಟ. ಅವ್ವ ತೀರಿಕೊಂಡ ಮೇಲೆ ಗಿರಣಿ ನಿಲ್ಲಿಸಿದ ಸಂಜೆಗಳಲ್ಲಿ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ ಒಮ್ಮೆ ರಾಮದುರ್ಗಕ್ಕೆ ಹೋದೆ. ತಪ್ಪಾಯಿತೆಂದು ಅವಳಿಗೆ ಹೇಳಬೇಕೆಂದೇ ಹೋಗಿದ್ದೆ. ಅವಳು ಬಡಿಸಿದಳು. "ಇನ್ನೊಂದೀಟು ಸಾರು ಹಾಕವಾ" ಎಂದಷ್ಟೇ ಬಾಯಿಗೆ ಬಂತು. ಇನ್ನೊಂದು ಕೂಸಿಗೆ ಅವಳು ಒಪ್ಪಲೇ ಇಲ್ಲವೆಂದು ಬಸ್ಸಿಗೆ ಬಿಡಲು ಬಂದ ತಮ್ಮ ಹೇಳಿದ.

ಈಚೆಗೆ ನನ್ನ ಎದೆಬಡಿತವೇ ಸುಮ್ಮಸುಮ್ಮನೆ ಓಡತೊಡಗಿತು. ಬೈಲಹೊಂಗಲದ ಡಾಕ್ಟರಿಗೆ ತೋರಿಸುವಾಗ ಹಳೆಯ ಗ್ರಹಣದ, ಆ ಕೂಸಿನ ಮಾತು ತೆಗೆದೆ.

"ಆವಾಗ ಎಷ್ಟನೇ ತಿಂಗಳರಿ?"

"ಐದರಾಗ."

"ಅಜ್ಜಾರ, ಹೃದಯ ಮೊದಲನೇ ಎರಡ್ಮೂರು ತಿಂಗಳದಾಗ ಕಟ್ಟಿ ಮುಗಿದಿರ್ತೈತಿ. ಆಮ್ಯಾಲೆ ಸೂರ್ಯ ಬಂದು ಏನ್ ಕೆಡಸ್ತಾನ?"

ಅವರು ಮತ್ತೂ ಹೇಳಿದರು. ನರಗಳಿಗೆ ಆಸರೆಯಾಗಿರುವ ಗ್ಲಿಯಾ ಎಂಬ ಜೀವಕೋಶಗಳಿವೆಯಂತೆ. ಮಿದುಳಿನಲ್ಲಿ ಅವುಗಳ ಕೆಲಸ ಮೊದಲೇ ಗೊತ್ತಿತ್ತು. ಹೃದಯದಲ್ಲೂ, ಅದೂ ರಕ್ತ ಹೊರಡುವ ಆ ಜಾಗದಲ್ಲೇ, ಅವು ಇರುವುದನ್ನು ಈಚೆಗೆ ಕಂಡಿದ್ದಾರೆ. ಸಣ್ಣ ಮೀನುಗಳಲ್ಲಿ ಅವನ್ನು ತೆಗೆದರೆ ಹೃದಯ ಲಂಗುಲಗಾಮಿಲ್ಲದೆ ಬಡಿಯುತ್ತದೆ. ಅವು ಸರಿಯಾಗಿ ಬೆಳೆಯದಿದ್ದರೆ ಆ ಜಾಗವೂ ಕೆಡುತ್ತದೆ. ಆದರೆ ಆ ಕೂಸಿಗೆ ಏಕೆ ಹಾಗಾಯಿತೆಂದು ಯಾರೂ ಖಂಡಿತವಾಗಿ ಹೇಳಲಾರರು ಎಂದರು.

ನನಗೆ ಮೊದಲು ಬಂದದ್ದು ಸಂತೋಷ. ಕೂಸನ್ನು ನಾನು ಕೊಂದಿಲ್ಲ! ಬಸ್ಸು ಯರಗಟ್ಟಿ ಮುಟ್ಟುವುದರೊಳಗೆ ಅದು ಇಳಿದುಹೋಯಿತು. ಗ್ರಹಣವನ್ನು ನಂಬಿದಷ್ಟು ದಿನ ತಪ್ಪಿನಲ್ಲಿ ಅದಕ್ಕೂ ಒಂದು ಪಾಲು ಕೊಟ್ಟಿದ್ದೆ. ಈಗ ಉಳಿದದ್ದು ಪಡಸಾಲೆಯಲ್ಲಿ ನಾನಾಡಿದ ಆ ಒಂದು ಮಾತು.

ತಮ್ಮ ಈಗಿಲ್ಲ. ರಾಮದುರ್ಗದಲ್ಲಿ ಅವಳು ಒಬ್ಬಳೇ, ತನ್ನಿಂದಲೇ ಕೂಸು ಸತ್ತಿತೆಂದು ಇವತ್ತಿಗೂ ನಂಬಿಕೊಂಡಿರಬಹುದು. ಡಾಕ್ಟರು ಹೇಳಿದ್ದನ್ನು ಅವಳಿಗೆ ಮುಟ್ಟಿಸಬೇಕಾದವನು ನಾನು. ಮುಟ್ಟಿಸಿಲ್ಲ. ಅದನ್ನು ಹೇಳಹೊರಟರೆ, ಹೋಗು ಎಂದು ಕಳಿಸಿ ತಪ್ಪನ್ನು ಅವಳ ಮೇಲೆ ಹೊರಿಸಿದವನು ನಾನೆಂದು ಅವಳೆದುರೇ ಒಪ್ಪಿಕೊಳ್ಳಬೇಕು. ನಾನು ಇವತ್ತಿಗೂ ಕ್ಷಮೆ ಕೇಳದೆ ಉಳಿದಿರುವುದು ಅವಳನ್ನೇ, ನನ್ನ ತಮ್ಮನ ಹೆಂಡತಿಯನ್ನು.