ಹುಳ ಜ್ವರಕ್ಕೆ ಕೂತ ದಿನದ ಸಿನಿಮಾ

ಮೊನ್ನೆ ವಿಜಯಪುರದ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದಿಟ್ಟರು. ಒದ್ದೆ ಗೋಣಿಯೊಳಗಿನ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಈ ಮುದುಕಿಗೆ ಏನಾಯಿತೋ ಎಂಬಂತೆ ನೋಡಿದಳು. ನಾನು ನೆನೆಸಿಕೊಂಡದ್ದು ಒಂದು ಇಲಿಯನ್ನು, ಆ ಇಲಿಯನ್ನು ಕೂಗಿ ಕರೆದ ದೊಡ್ಡವ್ವನನ್ನು ಎಂದು ಅವಳಿಗೆ ಹೇಗೆ ಹೇಳಲಿ...

ದೊಡ್ಡವ್ವ ನಮಗೆ ನೆಂಟರೇನಲ್ಲ, ಪಕ್ಕದ ಮನೆಯವರು. ಊರಿಗೆಲ್ಲ ಅವರು ದೊಡ್ಡವ್ವ. ಮನೆ ತುಂಬ ರೇಷ್ಮೆ ಹುಳ ಸಾಕುತ್ತಿದ್ದರು. ಆಗ ಎರಡನೇ ಮಹಾಯುದ್ಧದ ಕಾಲ, ಪ್ಯಾರಾಚೂಟಿಗೆಂದು ರೇಷ್ಮೆಗೆ ಬಲು ಗಿರಾಕಿ. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹುಳದ ಬಿದಿರು ತಟ್ಟೆಗೆ ಹಾಕುವುದು, ಇದೇ ಕೆಲಸ. ಹುಳ ಮೇಯುವಷ್ಟು ದಿನವೂ ಅವರು ಮದುವೆಗೂ ಹೋದವರಲ್ಲ, ತಿಥಿಗೂ ಹೋದವರಲ್ಲ. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುತ್ತವಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರ ಬಂದರಷ್ಟೇ ದೊಡ್ಡವ್ವನಿಗೆ ಬಿಡುವು.

ಅಂಥದರಲ್ಲಿ ಒಂದು ಬೇಸಿಗೆ ವಿಜಯಪುರಕ್ಕೆ ಟೆಂಟ್ ಸಿನಿಮಾ ಬಂತು. ಮನುಷ್ಯರೇ ಇಲ್ಲವಂತೆ, ಬರೆದ ಬೊಂಬೆಗಳೇ ಓಡಾಡುತ್ತವಂತೆ! ನನಗಾಗ ಎಂಟೋ ಒಂಬತ್ತೋ. ಅನ್ನ ಬಿಟ್ಟು ಹಟ ಹಿಡಿದೆ. "ದೊಡ್ಡವ್ವ ಕರ್ಕೊಂಡ್ ಹೋದ್ರೆ ಹೋಗು, ಇಲ್ದಿದ್ರೆ ಸುಮ್ನೆ ಬಿದ್ಕೊ" ಅಂದಳು ಅವ್ವ. ದೊಡ್ಡವ್ವನೋ, "ಹುಳ ಜ್ವರಕ್ಕೆ ಕೂತ್ರೆ ಬರ್ತೀನಿ ಕಣವ್ವ. ಅಲ್ಲೀಗಂಟ ಸಿನಿಮಾನೂ ಇಲ್ಲ ಗಿನಿಮಾನೂ ಇಲ್ಲ" ಎಂದುಬಿಟ್ಟರು. ಟೆಂಟು ಕಿತ್ತುಕೊಂಡು ಹೋಗುವ ದಿನ ಹತ್ತಿರ ಬರುತ್ತಿತ್ತು. ಹುಳಗಳು ಮಾತ್ರ ಸರಸರ ಮೇಯುತ್ತಲೇ ಇದ್ದವು. ನಾನು ಗಳಿಗೆಗೊಮ್ಮೆ ಬಾಗಿಲಲ್ಲಿ ಇಣುಕಿ, ದೇವರೇ ಇವಕ್ಕೆ ಜ್ವರ ಬರಲಿ ಎಂದು ಕೈ ಮುಗಿಯುತ್ತಿದ್ದೆ. ಹಾಗೆ ಬೇಡಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು!

ಕಡೆಯ ಆಟದ ದಿನ ಮಧ್ಯಾಹ್ನ ಹುಳದ ಮನೆಯ ಸದ್ದು ಅಡಗಿತು. ತಟ್ಟೆ ತಟ್ಟೆಯಲ್ಲೂ ತಲೆಗಳು ಮೇಲೆದ್ದಿದ್ದವು. ದೊಡ್ಡವ್ವ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ, ಅದೇನ್ ಐತೋ ನೋಡ್ಕೊಂಡ್ ಬರಾನ" ಎಂದರು. ನಾನು ಬದುವಿನ ಮೇಲೆ ಕುಣಿಯುತ್ತಲೇ ಹೋದೆ.

ಸಿನಿಮಾದ ಮಾತು ಯಾವ ದೇಶದ್ದೋ, ಒಂದೂ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ತೆರೆಯ ಮೇಲೆ ಬಂದದ್ದು ಒಂದು ತಾಯಿ ಇಲಿ, ಅದರ ಹಿಂದೆ ಸಾಲಾಗಿ ಮರಿಗಳು. ಹುಳ ಸಾಕುವವರಿಗೆ ಇಲಿಗಿಂತ ದೊಡ್ಡ ವೈರಿ ಉಂಟೇ? ದೊಡ್ಡವ್ವ ಎದ್ದೇ ನಿಂತರು. "ಹೊಡೀರ್ಲಾ ಅದನ್ನ! ಹುಳ ತಿನ್ನೋ ಮುಂಡೇದು!" ಟೆಂಟಿಗೆ ಟೆಂಟೇ ಗೊಳ್ಳೆಂದಿತು. ಬೆಕ್ಕು ಬಂದಾಗ ಅವರು ಬೆಕ್ಕಿನ ಪಕ್ಷ. ಆ ಬೆಕ್ಕು ಹೋಗಿ ಮೊಸರಿನ ಗಡಿಗೆಗೆ ಬಿದ್ದಾಗ ಮಾತ್ರ ತಡೆಯಲಾಗದೆ ನಕ್ಕರು, ನಗುತ್ತ ನನ್ನ ತೊಡೆಗೆ ರಪರಪ ಬಡಿದರು. ಅಷ್ಟರಲ್ಲಿ ತೆರೆಯ ಮೇಲಿನ ಇಲಿಗಳ ಬಿಲಕ್ಕೆ ಮಳೆ ನೀರು ನುಗ್ಗಿತು. ಕೊನೆಯ ಪುಟ್ಟ ಮರಿ ಹಿಂದೆಯೇ ಉಳಿಯಿತು. ತಾಯಿ ನೋಡದೆ ಓಡುತ್ತಿದೆ. ದೊಡ್ಡವ್ವ ಮತ್ತೆ ಎದ್ದರು.

"ಲೇ ಇಲೀ, ಹಿಂದೆ ನೋಡೇ! ಮಗ ಅಲ್ಲೇ ಐತೆ!"

ಇಲಿ ನಿಂತಿತು. ತಿರುಗಿತು. ಓಡಿಬಂದು ಮರಿಯನ್ನು ಕಚ್ಚಿಕೊಂಡು ಹೋಯಿತು. ಮಕ್ಕಳು ಮುದುಕರೆನ್ನದೆ ಎಲ್ಲರೂ ಕೇಕೆ ಹಾಕಿದರು. ದೊಡ್ಡವ್ವ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಂಡ್ಯಾ? ನಾನ್ ಕೂಗಿದ್ದಕ್ಕೇ ತಿರುಗ್ತು" ಎಂದು ದಾರಿಯುದ್ದಕ್ಕೂ ಹೇಳಿದರು. ಸಾಯುವ ತನಕವೂ ಹೇಳಿದರು... ಮಾರನೆಯ ದಿನ ತಟ್ಟೆಯ ಬಳಿ ಇಲಿ ಕಂಡಾಗ ಪೊರಕೆಯಲ್ಲಿ ಬಾರಿಸಿದವರೂ ಅವರೇ. ಇದೇನು ದೊಡ್ಡವ್ವ ಎಂದರೆ, "ಅದು ಬರ್ದಿರೋ ಇಲಿ ಕಣವ್ವ, ಇದು ತಿನ್ನೋ ಇಲಿ!"

ಆಮೇಲೆ ಎಷ್ಟೋ ಟೆಂಟುಗಳು ಬಂದವು. "ಇಲಿ ಐತಾ?" ಎಂದು ದೊಡ್ಡವ್ವ ಕೇಳುತ್ತಿದ್ದರು. ಇಲ್ಲ ಎಂದರೆ, "ಹಂಗಾದ್ರೆ ನೀನೇ ಹೋಗ್ಬಾ."

ಮೊನ್ನೆ ಬಸ್ಸಿಳಿದು ಮನೆಗೆ ಬಂದರೆ ಮೊಮ್ಮಗಳು ಟಿ.ವಿ.ಯಲ್ಲಿ ಬೊಂಬೆ ಸಿನಿಮಾ ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಬಾತುಕೋಳಿಯೊಂದು ಮರಿಗಳನ್ನು ಕರೆದುಕೊಂಡು ಹೊರಟಿತ್ತು. ಒಂದು ಹಿಂದುಳಿಯಿತು. ಎದ್ದದ್ದೂ ತಿಳಿಯಲಿಲ್ಲ, "ಹಿಂದೆ ನೋಡೇ!" ಎಂದು ಕೂಗಿಬಿಟ್ಟೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಬಾತುಕೋಳಿ ತಿರುಗಲಿಲ್ಲ. ದೊಡ್ಡವ್ವ ಹೋಗಿ ಎಷ್ಟೋ ವರ್ಷವಾಯಿತು. ಅವರು ಕೂಗಿದ್ದರೆ ತಿರುಗಿಯೇ ತಿರುಗುತ್ತಿತ್ತು.